ಇಪ್ಪತ್ತು ಸೆಕೆಂಡಿನ ಚಿತ್ರ

ನಲವತ್ತು ನಿಮಿಷ ಒಬ್ಬ ಮನುಷ್ಯನನ್ನು ಅಲುಗಾಡದಂತೆ ಮಲಗಿಸುವುದೆಂದರೆ ಸಣ್ಣ ಮಾತಲ್ಲ. ಫಕೀರಪ್ಪ ಹೂಗಾರ ಆ ಕೆಲಸವನ್ನು ಇಪ್ಪತ್ತೆರಡು ವರ್ಷ ಮಾಡಿದ್ದ. ಗದಗಿನ ಆ ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಂಆರ್‌ಐ ಯಂತ್ರ ನಡೆಸುವವನು ಅವನೊಬ್ಬನೇ. ಒಳಗೆ ಹೋಗುವ ಹೆಂಗಸರ ಬಳೆ, ಮೂಗುಬೊಟ್ಟು ಬಿಚ್ಚಿಸಬೇಕು. ತಾಳಿ ತೆಗೆಯಲೊಲ್ಲೆ ಎನ್ನುವವರ ಕೊರಳಿಗೆ ಅಷ್ಟು ಹೊತ್ತಿನ ಮಟ್ಟಿಗೆ ಅರಿಸಿನ ಕೊಂಬು ಕಟ್ಟಿಸಬೇಕು. ಉಡದಾರ ಬೆಳ್ಳಿಯದೋ ನೂಲಿನದೋ ಎಂದು ಗಂಡಸರನ್ನು ಕೇಳಬೇಕು. ಇಷ್ಟಾದ ಮೇಲೆ ಆ ಕೊಳವೆಯೊಳಗೆ ಧಡಧಡ ಸದ್ದು ಶುರುವಾದರೆ ಅರ್ಧ ಜನಕ್ಕೆ ಜೀವ ಬಾಯಿಗೆ ಬರುತ್ತಿತ್ತು. "ಹತ್ತ ನಿಮಿಷ ಆತು ನೋಡ್ರಿ, ಇನ್ನೊಂದೀಟು, ನಿಮ್ಮೂರ ಹನಮಪ್ಪನ್ನ ನೆನಸ್ಕೋರಿ" ಎಂದು ಮೈಕಿನಲ್ಲಿ ಮಾತಾಡಿಸುತ್ತಲೇ ಇರಬೇಕು. ಅಷ್ಟು ಮಾಡಿಯೂ ಮೂವತ್ತೆಂಟನೆಯ ನಿಮಿಷಕ್ಕೆ ಯಾರಾದರೂ ಕೆಮ್ಮಿದರೋ, ಮುಗಿಯಿತು, ಚಿತ್ರವೆಲ್ಲ ಕದಡಿ ಮತ್ತೆ ಒಂದರಿಂದ ಶುರು. ದಿನಕ್ಕೆ ಹನ್ನೆರಡು ಜನರಾದರೆ ಹೆಚ್ಚು. ಹೆಸರು ಹಚ್ಚಿದವರ ಪಾಳಿ ಬರಲು ಏಳು ತಿಂಗಳು ಕಾಯಬೇಕಿತ್ತು.

ಆ ಪಾಳಿಯನ್ನು ಕರಗಿಸಲೆಂದೇ ಕಂಪನಿಯವರು ಹೊಸ ವಿದ್ಯೆ ತಂದರು. ಯಂತ್ರ ಎಲ್ಲವನ್ನೂ ಅಳೆಯುವುದು ಬೇಡ, ಸ್ವಲ್ಪ ಅಳೆದು ಉಳಿದದ್ದನ್ನು ತಾನೇ ತುಂಬಿಕೊಳ್ಳಲಿ ಎಂಬುದು ಅದರ ಗುಟ್ಟು. ಚುಕ್ಕಿ ಇಟ್ಟುಕೊಟ್ಟರೆ ರೂಢಿಯಾದ ಕೈ ರಂಗೋಲಿಯ ಎಳೆ ಎಳೆಯುತ್ತದಲ್ಲ, ಹಾಗೆ. ಅದು ಕಲಿಯಬೇಕಾದರೆ ಜೋಡಿ ಚಿತ್ರಗಳು ಬೇಕಿದ್ದವು: ಒಬ್ಬನೇ ಮನುಷ್ಯನ ಗಡಿಬಿಡಿಯ ಚಿತ್ರ ಒಂದು, ನಲವತ್ತು ನಿಮಿಷದ ಪೂರ್ಣ ಚಿತ್ರ ಇನ್ನೊಂದು. ಗಡಿಬಿಡಿಯದು ಪ್ರಶ್ನೆ, ಪೂರ್ಣದ್ದು ಉತ್ತರ. ಎರಡು ವರ್ಷ ಕೂತು ಫಕೀರಪ್ಪ ಅಂಥ ಆರು ಸಾವಿರ ಜೋಡಿ ತೆಗೆದುಕೊಟ್ಟ. ಜನ ಹೆಸರು ಹಚ್ಚಲು ಬಂದ ದಿನವೇ ಗಡಿಬಿಡಿಯದನ್ನು ತೆಗೆದು ಕಳಿಸಿಬಿಡುತ್ತಿದ್ದ. ಪೂರ್ಣದ್ದನ್ನು ಅವರವರ ಪಾಳಿ ಬಂದಾಗ ತೆಗೆಯುತ್ತಿದ್ದ. ಕೆಲಸ ಹಗುರಾಗಲೆಂದು ಅವನೇ ಮಾಡಿಕೊಂಡ ಪದ್ಧತಿ ಅದು, ಯಾರೂ ಬೇಡವೆನ್ನಲಿಲ್ಲ.

ನಲವತ್ತು ನಿಮಿಷ ಹೋಗಿ ಹನ್ನೆರಡಾಯಿತು, ಹನ್ನೆರಡು ಹೋಗಿ ನಾಲ್ಕಾಯಿತು, ಕೊನೆಗೆ ಇಪ್ಪತ್ತು ಸೆಕೆಂಡಿಗೆ ಬಂದು ನಿಂತಿತು. ಅಳತೆ ಕಡಿಮೆಯಾದ ಹಾಗೆಲ್ಲ ಯಂತ್ರ ಬೇರೆ ಮಾಹಿತಿ ಕೇಳತೊಡಗಿತು. ಆರೋಗ್ಯ ಕಾರ್ಡಿನ ನಂಬರು ಹಾಕಿದರೆ ಸಾಕು, ರಕ್ತ ಪರೀಕ್ಷೆ, ಕಣ್ಣಿನ ಶಿಬಿರ, ರೇಷನ್ ಅಂಗಡಿಯಲ್ಲಿ ಒತ್ತಿದ ಹೆಬ್ಬೆಟ್ಟು, ಎಲ್ಲೆಲ್ಲಿಯದೋ ಜಾಲಾಡಿ ತಂದುಕೊಳ್ಳುತ್ತಿತ್ತು. ನಂಬರಿಲ್ಲದಿದ್ದರೆ ಸ್ಕ್ಯಾನೇ ಇಲ್ಲ. ಆದರೆ ಚಿತ್ರ ಮಾತ್ರ ಗಾಜಿನಷ್ಟು ಸ್ಪಷ್ಟ. ಡಾಕ್ಟರುಗಳು ಫಕೀರಪ್ಪ ತೆಗೆದುಕೊಟ್ಟ ಜೋಡಿಗಳ ಪೂರ್ಣ ಚಿತ್ರದ ಪಕ್ಕ ಇಟ್ಟು ಪರೀಕ್ಷಿಸಿದರು. ನೂರಕ್ಕೆ ತೊಂಬತ್ತೊಂಬತ್ತು ಸರಿ ಬಂತು. ರೋಗವಿದ್ದ ಕಡೆ ಯಂತ್ರವೇ ಕೆಂಪು ಉಂಗುರ ಹಾಕಿ ತೋರಿಸುತ್ತಿತ್ತು.

ಜನ ಅದಕ್ಕೆ ಚಿಟಿಕಿ ಮಷಿನ್ ಎಂದು ಹೆಸರಿಟ್ಟರು. ಮೊದಮೊದಲು ಯಾರಿಗೂ ಸಮಾಧಾನವಿಲ್ಲ. ರೋಣದಿಂದ ಬಸ್ಸು ಹತ್ತಿ ಬಂದ ಅಜ್ಜಿಯೊಬ್ಬಳು ಹಾಸಿಗೆ ಬಿಟ್ಟು ಏಳಲೇ ಇಲ್ಲ. "ಇಷ್ಟ ಏನ? ನೀ ನೋಡಿದ್ಯೋ ಇಲ್ಲೋ? ಇನ್ನೊಂದ ಸ್ವಲ್ಪ ಮಕ್ಕೋತೀನಿ, ಸರಿ ನೋಡಪಾ" ಎಂದಳು. ಲಕ್ಕುಂಡಿಯ ಸಂಕನಗೌಡ ಮಾಸ್ತರದು ಇನ್ನೊಂದು ತಮಾಷೆ. ಕಿವಿಯಲ್ಲಿ ಗುಂಯ್ ಎನ್ನುತ್ತದೆಂದು ಬಂದವರ ಚಿತ್ರದಲ್ಲಿ ನೆತ್ತಿಯ ಮೂಳೆಯ ಕೆಳಗೆ ಹಳೆಯ ರಕ್ತದ ಕಲೆ ಬಂತು. ಯಾವಾಗ ಬಿದ್ದಿದ್ದಿರಿ ಎಂದು ಕೇಳಿದರೆ ಮಾಸ್ತರು ಉರಿದುಬಿದ್ದರು. "ಬೀಳೂದಾ? ಎಪ್ಪತ್ತ ವರ್ಷದಾಗ ಒಂದ ದಿನಾ ಎಡವಿಲ್ಲ ನಾನು!" ವಯಸ್ಸಾದವರಿಗೆ ಮರೆವು ಎಂದು ಸೆಂಟರಿನವರೆಲ್ಲ ನಕ್ಕರು. ಫಕೀರಪ್ಪನೂ ನಕ್ಕ.

ಅದು ಆಷಾಢ ಮಾಸ. ಅದೇ ವಾರ ಫಕೀರಪ್ಪನ ಹೆಂಡತಿ ಸುಮಂಗಲಾಗೆ ತಲೆನೋವು ಜೋರಾಯಿತು. ಎರಡು ತಿಂಗಳಿನಿಂದ ಮುಲಾಮು ಹಚ್ಚಿ, ಸುಂಠಿ ತೇಯ್ದು ಬಳಿದುಕೊಂಡು ಸಾಗಹಾಕಿದ್ದಳು. ಈಗ ಒಲೆ ಮುಂದೆ ನಿಂತವಳು ರೊಟ್ಟಿ ಬಡಿಯುವುದನ್ನು ಬಿಟ್ಟು ಗೋಡೆ ಹಿಡಿಯುತ್ತಿದ್ದಳು.

"ನೀ ಊರ ಮಂದಿ ತಲಿ ಎಲ್ಲಾ ನೋಡ್ತಿ, ಕಟಗೊಂಡಾಕಿ ತಲಿ ನೋಡಾಕ ನಿನಗ ಏನ ಧಾಡಿ?" ಎಂದು ವೈನಿ ಬೈದಳು.

ವೈನಿ ಎಂದರೆ ತೀರಿಹೋದ ಅಣ್ಣನ ಹೆಂಡತಿ ಚೆನ್ನವ್ವ. ಫಕೀರಪ್ಪನಿಗೆ ಏಳು ವರ್ಷವಿದ್ದಾಗ ಅವ್ವ ಹೋದಳು. ಅದೇ ವರ್ಷ ಸೊಸೆಯಾಗಿ ಬಂದ ಹದಿನೇಳರ ಹುಡುಗಿ ಈ ಮೈದುನನನ್ನು ಎತ್ತಿ ಆಡಿಸಿ, ಹೊಡೆದು, ಉಣ್ಣಿಸಿ ದೊಡ್ಡವನನ್ನು ಮಾಡಿದಳು. ಹಾಗಾಗಿ ಅವನಿಗೆ ವೈನಿಯೇ ಅವ್ವ, ಮಾತಾಡಿಸುವುದೂ ಏಕವಚನದಲ್ಲೇ. ಈಗ ಐವತ್ತೆಂಟಾದರೂ ನಸುಕಿನಲ್ಲೆದ್ದು ಮಲ್ಲಿಗೆ, ಸೇವಂತಿಗೆ ಕಟ್ಟಿ ಬೆಟಗೇರಿಯ ನಲವತ್ತು ಮನೆಗಳಿಗೆ ಹೂ ಹಾಕಿ ಬರುತ್ತಿದ್ದಳು. ಮಾಲೆ ಮುಗಿದಾಗ ದಾರವನ್ನು ಕತ್ತರಿಯಿಂದಲ್ಲ, ಹಲ್ಲಿನಿಂದಲೇ ಕಡಿಯುವವಳು. "ಮೂವತ್ತೆರಡಕ್ಕ ಮೂವತ್ತೆರಡೂ ಅದಾವ, ಒಂದ ಹುಳುಕಿಲ್ಲ" ಎಂಬುದು ಆಕೆಯ ದೊಡ್ಡ ಜಂಬ.

ಸುಮಂಗಲಾಗೆ ಆರೋಗ್ಯ ಕಾರ್ಡೇ ಇರಲಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಅವಳ ಹೆಸರು ತವರಿನ ರೇಷನ್ ಕಾರ್ಡಿನಲ್ಲೇ ಕೂತಿತ್ತು. ಇವತ್ತು ತೆಗೆಸೋಣ, ನಾಳೆ ತೆಗೆಸೋಣ ಎಂದು ಹಾಗೇ ಉಳಿದಿತ್ತು. ವೈನಿ ತನ್ನ ಕಾರ್ಡನ್ನು ಹೂವಿನ ಬುಟ್ಟಿಯ ತಳದಿಂದ ತೆಗೆದು ಅವನ ಮುಂದೆ ಇಟ್ಟಳು. "ನನ್ನದ ಹಾಕ. ಒಂದ ಮನಿ, ಯಾರ ಕಾರ್ಡ ಆದರೇನ?"

ಆದರೇನು ಎಂದೇ ಫಕೀರಪ್ಪನಿಗೂ ಅನ್ನಿಸಿತು. ಹಾಸಿಗೆಯ ಮೇಲೆ ಮಲಗುವುದು ಸುಮಂಗಲಾ ತಾನೇ! ಮಾರನೆಯ ದಿನ ಅವಳನ್ನು ಮಲಗಿಸಿ, ಚೆನ್ನವ್ವ ಹೂಗಾರ ಎಂಬ ಹೆಸರಿನಲ್ಲಿ ನಂಬರು ಹಾಕಿ ಗುಂಡಿ ಒತ್ತಿದ. ಇಪ್ಪತ್ತು ಸೆಕೆಂಡಿಗೆ ಪರದೆಯ ಮೇಲೆ ತಲೆ ಮೂಡಿತು. ಬಲಗಿವಿಯ ಮೇಲ್ಗಡೆ ಮಿದುಳಿನಲ್ಲಿ ಕಡಲೆಕಾಳಿನಷ್ಟು ಬಿಳಿ ಗಂಟು, ಅದರ ಸುತ್ತ ಕೆಂಪು ಉಂಗುರ.

ಚಿತ್ರ ಓದುವ ಡಾಕ್ಟರು ಮುಳಗುಂದ ಮೇಡಂ ಸುತ್ತಿ ಬಳಸಿ ಹೇಳುವವರಲ್ಲ. "ಫಕೀರಪ್ಪ, ಇದು ಕೆಟ್ಟ ಜಾತಿ ಗಂಟ. ಆದರ ಸಣ್ಣದೈತಿ, ಈಗ ತೆಗದ್ರ ಗೆದ್ದಂಗ. ಬಿಟ್ರ ವರ್ಷ ತುಂಬೂದಿಲ್ಲ" ಎಂದರು. ಕಾರ್ಡಿನ ಹೆಸರಿನಲ್ಲೇ ಹುಬ್ಬಳ್ಳಿಯಲ್ಲಿ ಬುಧವಾರ ಆಪರೇಷನ್ನೆಂದು ನಿಕ್ಕಿಯಾಯಿತು. ಸುಮಂಗಲಾ ಅಳಲಿಲ್ಲ. ಮನೆಗೆ ಬಂದು ಕನ್ನಡಿ ಮುಂದೆ ಕೂತು, ಆಪರೇಷನ್ನಿಗೆ ಬೋಳಿಸಬೇಕಾದ ಕೂದಲನ್ನು ಬಿಚ್ಚಿ ಬಾಚಿದಳು, ಕಟ್ಟಿದಳು, ಮತ್ತೆ ಬಿಚ್ಚಿ ಬಾಚಿದಳು.

ವರದಿಯನ್ನು ಫಕೀರಪ್ಪ ಸೋಮವಾರ ಬೆಳಿಗ್ಗೆ ಓದಿದ. ಕೊನೆಯ ಸಾಲಿನಲ್ಲಿ ಮೇಡಂ ಬರೆದಿದ್ದರು: ಮಿದುಳು ಸ್ವಲ್ಪ ಕುಗ್ಗಿದೆ, ಐವತ್ತೆಂಟರ ವಯಸ್ಸಿಗೆ ಸಹಜ.

ಸುಮಂಗಲಾಗೆ ನಲವತ್ತು. ಅವನು ಪರದೆಯ ಮುಂದೆ ಕೂತು ಚಿತ್ರವನ್ನು ನೆತ್ತಿಯಿಂದ ದವಡೆಯ ತನಕ ಪದರಪದರವಾಗಿ ಇಳಿಸಿ ನೋಡಿದ. ಕೆಂಪು ಉಂಗುರ ಬಂದಾಗಿನಿಂದ ಉಂಗುರದಾಚೆ ನೋಡುವ ರೂಢಿಯೇ ಎಲ್ಲರಿಗೂ ತಪ್ಪಿಹೋಗಿತ್ತು. ಸುಮಂಗಲಾಳ ಮೇಲಿನ ಬಲದವಡೆಗೆ ಸ್ಟೀಲಿನ ಕ್ಯಾಪು ಹಾಕಿಸಿ ನಾಲ್ಕು ವರ್ಷವಾಗಿತ್ತು. ಲೋಹವಿದ್ದ ಕಡೆ ಈ ಯಂತ್ರದ ಚಿತ್ರ ಕರ್ರಗೆ ಮಸಿ ಬಳಿದಂತೆ ಹಾಳಾಗಲೇಬೇಕು. ಮಸಿಯೇ ಇರಲಿಲ್ಲ. ಬದಲಿಗೆ ಕೆಳಗಿನ ಎಡದವಡೆಯಲ್ಲಿ, ಕೊನೆಯಿಂದ ಎರಡನೆಯ ಹಲ್ಲು ಇರಬೇಕಾದಲ್ಲಿ ಬರೀ ತೆರವು.

ಇದು ನನ್ನ ಹೆಂಡತಿಯ ತಲೆಯಲ್ಲ ಎಂಬುದು ಅವನಿಗೆ ಖಾತ್ರಿಯಾಯಿತು. ಹಾಗಾದರೆ ಯಾರದು?

ಮಧ್ಯಾಹ್ನ ಎರಡಕ್ಕೆ ಎಲ್ಲರೂ ಊಟಕ್ಕೆ ಹೋದರು. ಫಕೀರಪ್ಪ ಒಳಗೆ ಹೋಗಿ ಹಾಸಿಗೆಯ ಬಟ್ಟೆಯ ಸುಕ್ಕನ್ನು ಕೈಯಿಂದ ಸವರಿ ತೆಗೆದ. ಕೊಳವೆಯೊಳಗೆ ಬಗ್ಗಿ ನೋಡಿದ. ಯಾರೂ ಇಲ್ಲ. ಇರುತ್ತಾರಾದರೂ ಹೇಗೆ ಎಂದು ತನ್ನನ್ನೇ ಬೈದುಕೊಂಡು ಹೊರಗೆ ಬಂದು, ವೈನಿಯ ನಂಬರು ಹಾಕಿ, ಖಾಲಿ ಹಾಸಿಗೆಯನ್ನು ಒಳಗೆ ಕಳಿಸಿ ಗುಂಡಿ ಒತ್ತಿದ. ಯಂತ್ರ ತನ್ನ ಇಪ್ಪತ್ತು ಸೆಕೆಂಡು ಬಡಿದುಕೊಂಡು ಸುಮ್ಮನಾಯಿತು. ಪರದೆಯ ಮೇಲೆ ಮೊದಲು ಮೂಗು ಬಂತು, ಆಮೇಲೆ ಹಣೆ, ಆಮೇಲೆ ಮಿದುಳಿನ ಮಡಿಕೆಗಳು. ಅದೇ ಗಂಟು, ಅದೇ ಉಂಗುರ, ಎಡದವಡೆಯಲ್ಲಿ ಅದೇ ತೆರವು. ಒಂದೇ ಒಂದು ವ್ಯತ್ಯಾಸವಿತ್ತು. ಮೊದಲಿನ ಚಿತ್ರದಲ್ಲಿ ನೆಟ್ಟಗಿದ್ದ ಕಣ್ಣುಗುಡ್ಡೆಗಳು ಈ ಸಲ ಒಂದು ಪಕ್ಕಕ್ಕೆ, ಅವನು ಕೂತಿದ್ದ ಗಾಜಿನ ಕಿಟಕಿಯ ಕಡೆಗೆ ಹೊರಳಿದ್ದವು.

ಶಿವನೇ! ಕುರ್ಚಿ ಹಿಂದಕ್ಕೆ ತಳ್ಳಿ ಎದ್ದವನು ಹೊರಗಿನ ಬಿಸಿಲಿಗೆ ಬಂದು ನಿಂತ. ಜನ್ಮದಲ್ಲಿ ಈ ಸೆಂಟರಿನ ಮೆಟ್ಟಿಲು ಹತ್ತದ ವೈನಿಯ ತಲೆಯೊಳಗನ್ನು ಇದು ಎಲ್ಲಿಂದ ತಂದಿತು? ಕಾರ್ಡಿನಲ್ಲಿ ಸೇರಿದ್ದ ಚೂರುಪಾರುಗಳಿಂದ ಕಟ್ಟಿಕೊಂಡಿರಬೇಕು, ಹಲ್ಲಿನ ತೆರವೊಂದು ಮಾತ್ರ ಅದರ ತಪ್ಪಿರಬೇಕು. ಮೂರು ತಿಂಗಳಿನಿಂದ ರೇಷನ್ ಅಂಗಡಿಯಲ್ಲಿ ವೈನಿಯ ಹೆಬ್ಬೆಟ್ಟು ನಾಲ್ಕು ನಾಲ್ಕು ಸಲ ಒತ್ತಿದರೂ ಹತ್ತುತ್ತಿರಲಿಲ್ಲ, ಹೂವಿನ ದಾರ ತಿಕ್ಕಿ ಗೆರೆ ಸವೆದಿವೆ ಎಂದು ಮನೆಯವರೆಲ್ಲ ಅಂದುಕೊಂಡಿದ್ದರು; ಯಂತ್ರ ಅದರಲ್ಲೇ ರೋಗದ ಸುಳಿವು ಹಿಡಿದಿತ್ತೇನೋ. ಹೆಂಡತಿ ಉಳಿದಳೆಂದು ಹಿಗ್ಗಬೇಕೋ, ಅವ್ವನಂಥವಳು ಹೋಗುತ್ತಾಳೆಂದು ಅಳಬೇಕೋ ತಿಳಿಯದೆ ಅವನು ಗೇಟಿನ ಹತ್ತಿರ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಅವನಿಗೆ ಅಳುವೇ ಬಂತು.

ಮುಳಗುಂದ ಮೇಡಂ ಬಂದ ಕೂಡಲೇ ಎಲ್ಲವನ್ನೂ ಒಪ್ಪಿಕೊಂಡ. ಅವರ ಮುಖ ಕೆಂಪಾಯಿತು.

"ಇಪ್ಪತ್ತೆರಡ ವರ್ಷ ಸರ್ವಿಸ್ ಆದಾವ್ರು ನೀವು! ನಾಡದ ಆಕೀ ತಲಿ ಕೊಯ್ಯೋರಿದ್ರಲ್ರಿ ಹುಬ್ಬಳ್ಳಿಯಾಗ!"

"ಹೌದ್ರಿ ಮೇಡಂ. ನೌಕರಿ ತಗೀರಿ ಬೇಕಾದ್ರ. ಆದರ ಮೊದಲ ಇಬ್ಬರನ್ನೂ ಹಳೇ ಪದ್ಧತಿಯೊಳಗ ನೋಡೂಣ್ರಿ. ನಲವತ್ತ ನಿಮಿಷದ್ದು."

ಮಂಗಳವಾರ ಬೆಳಿಗ್ಗೆ ಇಬ್ಬರನ್ನೂ ಕರೆತಂದ. ಸುಮಂಗಲಾಳ ಚಿತ್ರದಲ್ಲಿ ಸ್ಟೀಲಿನ ಕ್ಯಾಪಿನ ಕರಿ ಮಸಿ ದೊಡ್ಡದಾಗಿ ಬಂತು, ಮಿಕ್ಕದ್ದೆಲ್ಲ ಸ್ವಚ್ಛ. ಕಣ್ಣಿನ ನಂಬರು ಬದಲಾಗಿರಬೇಕು, ಚಾಳೀಸು ಹಾಕಿಸಿದರೆ ತಲೆನೋವು ಹೋಗುತ್ತದೆ ಎಂದರು ಮೇಡಂ. ಆಮೇಲೆ ವೈನಿ. ಒಳಗೆ ಮಲಗಿದವಳ ಬೆರಳುಗಳು ಸುಮ್ಮನಿರಲೊಲ್ಲವು, ಇಲ್ಲದ ದಾರಕ್ಕೆ ಇಲ್ಲದ ಹೂ ಕಟ್ಟುತ್ತಿದ್ದವು. "ಕೈ ಅಳಗಾಡಿಸಬ್ಯಾಡ ವೈನಿ" ಎಂದು ಫಕೀರಪ್ಪ ಮೈಕಿನಲ್ಲಿ ಹತ್ತು ಸಲ ಹೇಳಿದ. ಎಷ್ಟೋ ತಿಂಗಳ ಮೇಲೆ ಅವನು ಒಬ್ಬರನ್ನು ನಲವತ್ತು ನಿಮಿಷ ಪೂರ್ತಿ ನೋಡುತ್ತ ಕೂತಿದ್ದ.

ಚಿತ್ರ ಬಂತು. ಬಲಗಿವಿಯ ಮೇಲ್ಗಡೆ ಏನೂ ಇರಲಿಲ್ಲ. ಸಾಸಿವೆಯಷ್ಟು ಚುಕ್ಕೆಯೂ ಇಲ್ಲ. ಮೇಡಂ ಮೂರು ಸಲ ನೋಡಿದರು. ಫಕೀರಪ್ಪ ದವಡೆಗೆ ಇಳಿದು ಹಲ್ಲು ಎಣಿಸಿದ. ಮೂವತ್ತೆರಡಕ್ಕೆ ಮೂವತ್ತೆರಡೂ ಇದ್ದವು.

"ಒಳಗ ಯಾರೋ ಬಾಗಲಾ ಬಡದಂಗ ಆತು ನೋಡೋ" ಎನ್ನುತ್ತ ಕೊಳವೆಯಿಂದ ಹೊರಬಂದ ವೈನಿ ಸೆರಗು ಸರಿಮಾಡಿಕೊಂಡಳು. "ಎಷ್ಟ ಬಡದ್ರೂ ನಾ ಏನ ತಗೀಲಿಲ್ಲ."

ಕಂಪನಿಯ ಎಂಜಿನಿಯರ್ ತಾರಾನಾಥ ಮಂಗಳೂರಿನಿಂದ ವಿಡಿಯೋ ಕರೆಯಲ್ಲಿ ಸಿಕ್ಕ. ಎಲ್ಲ ಕೇಳಿಸಿಕೊಂಡು ನಿರಾಳವಾಗಿ ನಕ್ಕ. "ಹೆದರುವುದು ಎಂಥದಕ್ಕೆ ಫಕೀರಪ್ಪನವರೇ? ಕಾರ್ಡ್ ಒಬ್ಬರದ್ದು, ತಲೆ ಒಬ್ಬರದ್ದು ಕೊಟ್ಟರೆ ಯಂತ್ರ ಕಂಗಾಲಾಗದೆ ಇರ್ತದಾ? ಯಾವುದೋ ಮೂರನೆಯವರ ಚಿತ್ರ ಸೇರಿಸಿ ಕೊಟ್ಟಿದೆ. ಖಾಲಿ ಹಾಸಿಗೆಗೆ ಬಂದದ್ದು ಮೊದಲಿನದ್ದೇ ಪ್ರತಿ, ಅಷ್ಟೇ."

ಮೊದಲಿನದ್ದೇ ಪ್ರತಿಯಾದರೆ ಕಣ್ಣು ಹೊರಳಿದ್ದೇಕೆ ಎಂಬುದು ಫಕೀರಪ್ಪನ ನಾಲಿಗೆಯ ತುದಿಯ ತನಕ ಬಂದು ನಿಂತಿತು. ಕೇಳಲಿಲ್ಲ. ಕೇಳಿದರೆ ಉತ್ತರ ಬಂದೀತೆಂದು ಅವನಿಗೆ ಹೆದರಿಕೆ. ಸಂಜೆ ಮನೆಯಲ್ಲಿ ಹೋಳಿಗೆ ಮಾಡಿದರು. ಸುಮಂಗಲಾ ಚಾಳೀಸು ಹಾಕಿಸಿಕೊಂಡಳು, ತಲೆನೋವು ವಾರದಲ್ಲಿ ನಿಂತಿತು. ಫಕೀರಪ್ಪನಿಗೆ ಒಂದು ಮೆಮೊ ಬಂತು, ನೌಕರಿ ಉಳಿಯಿತು. ಆವತ್ತಿನಿಂದ ಅವನು ಬೇರೆಯವರ ಕಾರ್ಡು ತಂದವರನ್ನು ಬಾಗಿಲಿನಿಂದಲೇ ವಾಪಸು ಕಳಿಸತೊಡಗಿದ. ಹಾಸಿಗೆ ಖಾಲಿಯಿದ್ದಾಗ ಮಾತ್ರ ಪರದೆಗೆ ಬೆನ್ನು ಹಾಕಿ ಕೂರುತ್ತಿದ್ದ, ಯಾಕೆಂದು ಯಾರಾದರೂ ಕೇಳಿದರೆ ಕಣ್ಣು ಉರಿಯುತ್ತದೆ ಎನ್ನುತ್ತಿದ್ದ.

ಶ್ರಾವಣ ಬಂತು, ದಸರಾ, ದೀಪಾವಳಿ ಎಲ್ಲ ಆಗಿಹೋದವು. ಹಳೆಯ ನಲವತ್ತು ನಿಮಿಷದ ಪದ್ಧತಿ ಯಾರಿಗೂ ಬೇಕಾಗಿಲ್ಲವೆಂದು, ಅದನ್ನು ಬರುವ ಒಂದನೇ ತಾರೀಖಿನಿಂದ ಯಂತ್ರದಿಂದಲೇ ತೆಗೆಯುತ್ತೇವೆಂದು ಕಂಪನಿಯಿಂದ ಪತ್ರ ಬಂತು. ಆಗ ಶಿವರಾತ್ರಿಗೆ ಎರಡು ವಾರವಿತ್ತು.

ಆ ಭಾನುವಾರ ಮುಂಜಾನೆ ಫಕೀರಪ್ಪ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದ. ಹೂ ಹಾಕಿ ಬಂದ ವೈನಿ ಕಂಬಕ್ಕೊರಗಿ ಉಳಿದ ಮಾಲೆ ಕಟ್ಟುತ್ತಿದ್ದಳು. ಸುಮಂಗಲಾ ಸಂತೆಯಿಂದ ತಂದ ಕಾಯಿಪಲ್ಯ ಹರವುತ್ತ ಸುದ್ದಿ ಹೇಳುತ್ತಿದ್ದಳು.

"ನಿಮ್ಮ ಲಕ್ಕುಂಡಿ ಮಾಸ್ತರ ಇದ್ರಲ್ರೀ, ಬೀಳೂದಾ ಅಂತ ನಿಮ್ಮ ಮ್ಯಾಲೆ ಹರಿಹಾಯ್ದಿದ್ರಲ್ಲ, ಸಂತ್ಯಾಗ ಅವರ ಸೊಸಿ ಭೇಟಿ ಆಗಿದ್ಲು. ದೀಪಾವಳಿಗೆ ಆಕಾಶಬುಟ್ಟಿ ಕಟ್ಟಾಕ ಹೋಗಿ ಏಣಿ ಮ್ಯಾಲಿಂದ ಬಿದ್ರಂತ. ತಲಿಗೇ ಪೆಟ್ಟ."

"ತಲಿಗೆ ಎಲ್ಲಿ?"

"ನೆತ್ತಿಗೆ ಅಂದ್ಲಪಾ. ಒಳಗ ರಕ್ತ ಹೆಪ್ಪಗಟ್ಟಿತ್ತಂತ. ಈಗ ಆರಾಮ ಅದಾರ."

ಫಕೀರಪ್ಪ ಚಹಾದ ಕಪ್ಪನ್ನು ಕೆಳಗಿಟ್ಟ. ಆಷಾಢದಲ್ಲಿ ತೆಗೆದ ಚಿತ್ರದಲ್ಲಿ ನೆತ್ತಿಯ ಕೆಳಗೆ ಕಲೆ ಇತ್ತು. ಮಾಸ್ತರು ಬಿದ್ದದ್ದು ದೀಪಾವಳಿಗೆ.

"ಥೂ ಇದರ!" ಎಂದಳು ವೈನಿ.

ಇಬ್ಬರೂ ತಿರುಗಿ ನೋಡಿದರು. ಮಾಲೆಯ ದಾರವನ್ನು ಹಲ್ಲಿಗೆ ಸಿಕ್ಕಿಸಿ ಕಡಿಯಹೋದವಳು ದವಡೆ ಹಿಡಿದುಕೊಂಡಿದ್ದಳು. ಬಾಯೊಳಗೆ ಎರಡು ಬೆರಳು ಹಾಕಿ ಏನನ್ನೋ ಅಲುಗಾಡಿಸಿ ಹೊರಗೆ ತೆಗೆದಳು. ಅಂಗೈ ಮೇಲಿಟ್ಟು ನೋಡಿ, ನೋವಿಗಿಂತ ಹೆಚ್ಚು ನಾಚಿಕೆಯಿಂದ ನಕ್ಕಳು.

"ಹೋತು ನೋಡೋ ಫಕೀರಾ ನನ್ನ ಜಂಬ. ವಾರ ಆತು ಅಳಗಾಡಾಕತ್ತಿತ್ತು, ನಿಮಗ ಹೇಳಿದ್ರ ನಗತೀರಿ ಅಂತ ಸುಮ್ಮನಿದ್ದೆ."

"ಬಾಯಿ ತಗಿ ವೈನಿ."

"ಏ, ಹೋಗಾ!"

"ತಗೀ ಅಂದ್ನಿ."

ಅವನ ದನಿ ಕೇಳಿ ಅವಳು ಬಾಯಿ ತೆರೆದಳು. ಫಕೀರಪ್ಪ ಮೊಬೈಲಿನ ಬೆಳಕು ಬಿಟ್ಟು ಬಗ್ಗಿ ನೋಡಿದ. ಕೆಳಗಿನ ಎಡದವಡೆ. ಕೊನೆಯಿಂದ ಎರಡನೆಯದು. ಅಲ್ಲಿ ಒಂದು ತೆರವಿತ್ತು, ಆ ತೆರವು ಅವನಿಗೆ ಚೆನ್ನಾಗಿ ಗುರುತಿತ್ತು.

ಆಷಾಢದಿಂದ ಅವನು ಬೆರಳು ಮಡಚಿ ಎಣಿಸಿದ. ಏಳು ತಿಂಗಳು. ಎಣಿಕೆ ಮುಗಿಯುತ್ತಿದ್ದಂತೆ ಎಲ್ಲವೂ ನಿಚ್ಚಳವಾಯಿತು. ಆರು ಸಾವಿರ ಜನರ ಗಡಿಬಿಡಿಯ ಚಿತ್ರವನ್ನು ಬಂದ ದಿನ ತೆಗೆದು, ಪೂರ್ಣದ್ದನ್ನು ಏಳು ತಿಂಗಳ ಮೇಲೆ ಅವರ ಪಾಳಿ ಬಂದಾಗ ತೆಗೆದು, ಇದೇ ಸರಿಯುತ್ತರ ಎಂದು ಯಂತ್ರಕ್ಕೆ ಹೇಳಿಕೊಟ್ಟವನು ತಾನೇ. ಇವತ್ತಿನ ತಲೆ ತೋರಿಸಿದರೆ ಏಳು ತಿಂಗಳ ಮುಂದಿನ ತಲೆ ಬರೆಯಬೇಕೆಂದು ಅದು ಕಲಿತಿತ್ತು. ವಿಧೇಯ ವಿದ್ಯಾರ್ಥಿಯ ಹಾಗೆ ಬರೆಯುತ್ತಲೂ ಬಂದಿತ್ತು. ಯಾರನ್ನೂ ಬೆರೆಸಿರಲಿಲ್ಲ, ಏನನ್ನೂ ತಪ್ಪಿರಲಿಲ್ಲ. ಇವತ್ತಿನ ವೈನಿಯನ್ನೇ ಅದು ಆವತ್ತು ನೋಡಿತ್ತು, ಆ ವೈನಿ ಅವನ ಕಡೆ ಕಣ್ಣು ಹೊರಳಿಸಿದ್ದಳು.

ಅವನ ತಲೆ ಓಡುತ್ತಿತ್ತು. ಕಡಲೆಕಾಳಿನಷ್ಟು, ಸಣ್ಣದಿದ್ದಾಗ ತೆಗೆದರೆ ಗೆದ್ದ ಹಾಗೆ. ಒಂದನೇ ತಾರೀಖಿಗೆ ಇನ್ನೂ ಹದಿಮೂರು ದಿನವಿತ್ತು. ಮೇಡಂಗೆ ಫೋನು ಹಚ್ಚಿದ.

"ಮೇಡಂ, ಭಾನುವಾರ ಐತಿ ಅಂತ ಗೊತ್ತೈತ್ರಿ. ಸೆಂಟರಿನ ಕೀಲಿ ತಗಸ್ರಿ. ಒಬ್ಬರನ್ನ ನಲವತ್ತ ನಿಮಿಷ ನೋಡೂದೈತಿ... ಇಲ್ರಿ, ಚಿಟಿಕಿ ಬ್ಯಾಡ. ಅದರ ಉತ್ತರ ನನಗ ಗೊತ್ತೈತಿ."

ಸುಮಂಗಲಾ ವೈನಿಯ ಕೈಯೊಳಗಿನ ಬಳೆ ಬಿಚ್ಚತೊಡಗಿದಳು. ವೈನಿ ಹಲ್ಲನ್ನು ಒಂದು ಎಲೆಯ ಚೂರಿನಲ್ಲಿ ಸುತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಇಬ್ಬರ ಮುಖವನ್ನೂ ಒಂದೊಂದು ಸಲ ನೋಡಿದಳು.

"ಒಂದ ಹಲ್ಲ ಬಿದ್ದದ್ದಕ್ಕ ಆ ಬಾಗಲಾ ಬಡಿಯೂ ಗವಿಯೊಳಗ ಮತ್ತ ಯಾಕ ಹಾಕ್ತಿಯೋ ನನ್ನ? ಆವತ್ತ ನೋಡಿದ್ಯಲ್ಲ. ನನ್ನ ತಲಿಯಾಗ ಏನೂ ಇಲ್ಲ ಅಂತ ನೀನ ಹೇಳಿದ್ದಿ."

ಫಕೀರಪ್ಪ ಬಗ್ಗಿ ಅವಳ ಚಪ್ಪಲಿಗಳನ್ನು ಕಾಲ ಮುಂದೆ ಜೋಡಿಸಿ ಇಟ್ಟ. ಏಳು ವರ್ಷದವನಾಗಿದ್ದಾಗ ಹಿಡಿದ ಹಾಗೆಯೇ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಆವತ್ತ ಇದ್ದಿಲ್ಲ, ವೈನಿ" ಎಂದ.